ಹೀಟ್ ಮೀಟರಿನ ಮುಳ್ಳು ನಿಜ ಹೇಳುತ್ತಿದೆಯೇ?

ಹಳೆಯ ಕಾರು ಇಟ್ಟುಕೊಂಡವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಡ್ಯಾಶ್‌ಬೋರ್ಡಿನ ಹೀಟ್ ಮೀಟರ್ ಮುಳ್ಳು ಮೇಲೇರಿದರೆ ರೇಡಿಯೇಟರ್ ಫ್ಯಾನ್ ತಿರುಗಬೇಕು, ತಿರುಗಲಿಲ್ಲ ಅಂದರೆ ಫ್ಯಾನ್ ಹೋಗಿದೆ ಎಂಬುದೇ ಆ ನಂಬಿಕೆ. ಗ್ಯಾರೇಜಿನಲ್ಲಿ ಹೀಗೆ ಹೇಳಿದರೆ ಫ್ಯಾನ್ ಮೋಟರ್ ಬದಲಾಗುತ್ತದೆ, ಬಿಲ್ ಬರುತ್ತದೆ. ಮುಂದಿನ ಸಲ ಧರ್ಮಸ್ಥಳದಿಂದ ವಾಪಸು ಬರುತ್ತಾ ಚಾರ್ಮಾಡಿ ಹತ್ತುವ ಹೊತ್ತಿಗೆ ಮುಳ್ಳು ಮತ್ತೆ ಕೆಂಪು ಗೆರೆಯ ಹತ್ತಿರ ನಿಂತಿರುತ್ತದೆ. ಆಗ ಸೆನ್ಸರ್ ಬದಲಾಗುತ್ತದೆ. ಅದೂ ಆಗಲಿಲ್ಲವೆಂದರೆ, ಇಂಜಿನ್ ಹದಕ್ಕೆ ಬರುವವರೆಗೆ ರೇಡಿಯೇಟರಿನ ನೀರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡುತ್ತಾರೆ. ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋಗುವುದು ಬರೀ ಊಹೆ, ಆ ಊಹೆಯ ಖರ್ಚೆಲ್ಲ ಕಾರಿನ ಮಾಲೀಕನ ತಲೆಗೆ.

ಎಂಬತ್ತು, ತೊಂಬತ್ತರ ದಶಕದ ಬಹುಪಾಲು ಕಾರುಗಳಲ್ಲಿ ಮುಳ್ಳಿಗೂ ಫ್ಯಾನಿಗೂ ನೇರ ಸಂಬಂಧವೇ ಇಲ್ಲ. ಇದೊಂದು ಮನಸ್ಸಿಗೆ ಬಂದರೆ ಅರ್ಧ ಗೊಂದಲ ತಾನಾಗಿ ಬಗೆಹರಿಯುತ್ತದೆ. ಮುಳ್ಳಿಗೆ ಸುದ್ದಿ ಕೊಡುವುದು ಇಂಜಿನ್ನಿನ ನೀರಿನ ದಾರಿಯಲ್ಲಿ ಕೂತ ಒಂದು ಸೆಂಡರ್. ಫ್ಯಾನಿಗೆ ಅಪ್ಪಣೆ ಕೊಡುವುದು ಬೇರೊಂದು ಕಡೆ ಕೂತ ಥರ್ಮೋ ಸ್ವಿಚ್. ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದ ಮೇಲೆ, ಇಂಜಿನ್ನಿನ ಕಂಪ್ಯೂಟರಾದ ಇಸಿಎಂಗೆ ವರದಿ ಮಾಡುವ ಸೆನ್ಸರೂ ಬಂತು. ಒಂದೇ ನೀರಿನ ಬಿಸಿಯನ್ನು ಇವು ಬೇರೆ ಬೇರೆ ಜಾಗದಲ್ಲಿ ಕೂತು ನೋಡುತ್ತವೆ. ಒಂದರ ತಂತಿ ಕಡಿದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮುಳ್ಳು ನಡುವಿನಲ್ಲಿ ನಿಶ್ಚಿಂತೆಯಿಂದ ಕೂತಿರುವಾಗಲೇ ಫ್ಯಾನ್ ಸತ್ತಿರಬಹುದು. ಮುಳ್ಳು ಕೆಂಪಿಗೆ ಹೋಗಿ ಬಡಿದಾಗ ಇಂಜಿನ್ ಏನೂ ಆಗದೆ ಆರಾಮಾಗಿರಲೂಬಹುದು.

ಆದ್ದರಿಂದ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಂಜಿನ್ ನಿಜವಾಗಿ ಕಾದಿದೆಯೋ, ಇಲ್ಲ ಮುಳ್ಳು ಮಾತ್ರ ಹಾಗೆ ಹೇಳುತ್ತಿದೆಯೋ?

ಮೋಟಾರು ವಾಹನಗಳ ಮೊದಲ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. 1910ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಬಾಯ್ಸ್ ಮೋಟೋಮೀಟರ್ ರೇಡಿಯೇಟರ್ ಮುಚ್ಚಳದ ಮೇಲೆಯೇ ನೆಟ್ಟಗೆ ನಿಂತಿರುತ್ತಿದ್ದ ಥರ್ಮಾಮೀಟರ್. ಚಾಲಕ ಗಾಜಿನಾಚೆ ಕಣ್ಣು ಹಾಯಿಸಿದರೆ ಕೆಂಪು ದ್ರವ ಏರಿದ್ದು ಕಾಣುತ್ತಿತ್ತು. ನಡುವೆ ತಂತಿಯಿಲ್ಲ, ಅರ್ತಿಂಗ್ ಇಲ್ಲ, ಬ್ಯಾಟರಿಯ ಹಂಗಿಲ್ಲ. ಮೀಟರು ಡ್ಯಾಶ್‌ಬೋರ್ಡಿಗೆ ಬಂದು ವಿದ್ಯುತ್ತಿನಿಂದ ನಡೆಯತೊಡಗಿದ ಮೇಲೆ ನೀರಿಗೂ ನಮ್ಮ ಕಣ್ಣಿಗೂ ನಡುವೆ ಸೆಂಡರ್, ತಂತಿ, ಕಪ್ಲರ್, ಮೀಟರ್ ಎಂದು ಕೈಬದಲಾವಣೆ ಹೆಚ್ಚಾಯಿತು. ಇಪ್ಪತ್ತು ಮಳೆಗಾಲ ಕಂಡ ಕಾರಿನಲ್ಲಿ ಇವುಗಳಲ್ಲಿ ಯಾವುದು ಬೇಕಾದರೂ ಕೈಕೊಡಬಹುದು.

ನಿಜವಾದ ಬಿಸಿ ತಿಳಿಯಲು ಈಗ ಸುಲಭದ ದಾರಿಯಿದೆ. ದೂರದಿಂದಲೇ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೋವಿಡ್ ಕಾಲದಲ್ಲಿ ಎಲ್ಲರ ಹಣೆಗೂ ಗುರಿಯಿಟ್ಟ ಉಪಕರಣದ ದಾಯಾದಿ. ಹಣೆ ನೋಡುವ ಉಪಕರಣ ಈ ಕೆಲಸಕ್ಕೆ ಆಗುವುದಿಲ್ಲ, ನೂರು ಡಿಗ್ರಿ ದಾಟಿ ಅಳೆಯುವ ಕೈಗಾರಿಕೆಯ ಮಾದರಿಯೇ ಬೇಕು. ಥರ್ಮೋಸ್ಟಾಟ್ ಕೂತಿರುವ ಹೌಸಿಂಗ್ ಮೇಲೆ ಗುರಿಯಿಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಹಾಗಾಗಿ ತಣ್ಣಗಿರುವಾಗಲೇ ಅಲ್ಲೊಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ನೋಡುವುದು ಒಳ್ಳೆಯದು. ಅಲ್ಲಿ 85ರಿಂದ 95 ಡಿಗ್ರಿ ಸೆಲ್ಸಿಯಸ್ ಇದ್ದು, ಒಳಗೆ ಮುಳ್ಳು ಕೆಂಪಿನಲ್ಲಿದ್ದರೆ ಇಂಜಿನ್ ಬಿಚ್ಚುವ ಅಗತ್ಯವಿಲ್ಲ. ಕಾಯಿಲೆ ಇರುವುದು ವೈರಿಂಗಿನಲ್ಲಿ.

ಮುಳ್ಳನ್ನು ವಿಚಾರಿಸುವ ಬಗೆ

ಸೆಂಡರ್ ಒಳಗಿರುವುದು ಥರ್ಮಿಸ್ಟರ್. ಬಿಸಿ ಏರಿದಷ್ಟೂ ಅದರ ರೋಧ ಇಳಿಯುತ್ತದೆ, ರೋಧ ಇಳಿದಷ್ಟೂ ಮೀಟರಿನಲ್ಲಿ ಕರೆಂಟ್ ಹೆಚ್ಚು ಹರಿದು ಮುಳ್ಳು ಮೇಲೇರುತ್ತದೆ. ಈ ಒಂದು ಸಂಗತಿಯಿಂದಲೇ ಪರೀಕ್ಷೆ ಹುಟ್ಟುತ್ತದೆ. ಕೀ ಆನ್ ಮಾಡಿ, ಇಂಜಿನ್ ಚಾಲೂ ಮಾಡದೆ, ಸೆಂಡರಿನ ಒಂಟಿ ತಂತಿಯನ್ನು ಬಿಡಿಸಿ. ಮುಳ್ಳು ಪೂರ್ತಿ ತಣ್ಣನೆಯ ಕಡೆಗೆ ಬೀಳಬೇಕು. ಅದೇ ತಂತಿಯ ತುದಿಯನ್ನು ಟೆಸ್ಟ್ ಲ್ಯಾಂಪಿನ ಮೂಲಕ ಇಂಜಿನ್ನಿನ ಲೋಹಕ್ಕೆ ಕೆಲವು ಸೆಕೆಂಡು ಮುಟ್ಟಿಸಿ. ಮುಳ್ಳು ಬಿಸಿಯ ಕಡೆಗೆ ಏರಬೇಕು. ಎರಡೂ ಸರಿಯಾಗಿ ಆದರೆ ಮೀಟರೂ ತಂತಿಯೂ ಸರಿಯಿವೆ, ಇನ್ನು ಸೆಂಡರನ್ನು ಪರೀಕ್ಷಿಸಬೇಕು. ತಂತಿ ಬಿಡಿಸಿದ ಮೇಲೂ ಮುಳ್ಳು ಕೆಂಪಿನಲ್ಲೇ ನಿಂತಿದ್ದರೆ ಆ ತಂತಿ ದಾರಿಯಲ್ಲಿ ಎಲ್ಲೋ ಬಾಡಿಗೆ ತಾಗುತ್ತಿದೆ. ಮುಟ್ಟಿಸಿದರೂ ಮುಳ್ಳು ಅಲುಗದಿದ್ದರೆ ತಂತಿ ಕಡಿದಿದೆ, ಇಲ್ಲವೇ ಮೀಟರ್ ಹೋಗಿದೆ. ಎರಡು ಅಥವಾ ಮೂರು ತಂತಿಯ, ಇಸಿಎಂಗೆ ಹೋಗುವ ಸೆನ್ಸರಿನ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅದನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಬೇಕು. ಬಹಳಷ್ಟು ಕಾರುಗಳಲ್ಲಿ ಅದು 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು ಇದ್ದು, 80 ಡಿಗ್ರಿಗೆ ಬರುವಾಗ ಮುನ್ನೂರರ ಹತ್ತಿರಕ್ಕೆ ಇಳಿದಿರುತ್ತದೆ.

ಮುಳ್ಳಿನ ವರ್ತನೆಯೂ ಬಹಳ ಹೇಳುತ್ತದೆ. ಪೆಟ್ರೋಲ್ ಮುಳ್ಳು, ಹೀಟ್ ಮುಳ್ಳು ಎರಡೂ ಒಟ್ಟಿಗೆ ದಿಕ್ಕೆಟ್ಟರೆ ಸೆಂಡರುಗಳನ್ನು ಬೈದು ಫಲವಿಲ್ಲ. ಎರಡಕ್ಕೂ ಒಂದೇ ಹದದ ವೋಲ್ಟೇಜ್ ಕೊಡುವ ಸಣ್ಣ ರೆಗ್ಯುಲೇಟರು ಅನೇಕ ಹಳೆಯ ಮೀಟರ್ ಬೋರ್ಡುಗಳ ಹಿಂದೆ ಇರುತ್ತದೆ, ಅದನ್ನು ನೋಡಬೇಕು. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜರುಗಿದರೆ ಮೀಟರ್ ಬೋರ್ಡಿನ ಅರ್ತ್ ಸಡಿಲವಾಗಿದೆ. ಕ್ಲಚ್ ಕೆಲಸ ಮಾಡಿಸಿ ಬಂದ ಮೇಲೆ ಮೀಟರುಗಳು ಚಿತ್ರವಿಚಿತ್ರವಾಗಿ ಆಡತೊಡಗಿದರೆ, ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನು ಮತ್ತೆ ಬಿಗಿದಿದ್ದಾರೋ ಇಲ್ಲವೋ ನೋಡಿ. ಇನ್ನೊಂದು ಸೂಕ್ಷ್ಮವಿದೆ. ಒಂಟಿ ತಂತಿಯ ಸೆಂಡರಿಗೆ ಅರ್ತ್ ಸಿಗುವುದು ಅದರ ತಿರುಪಿನ ಮರೆಯ ಮೂಲಕವೇ. ನೀರು ಸೋರಬಾರದೆಂದು ಮರೆಗೆ ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಬಿಗಿದರೆ ಅರ್ತ್ ತಪ್ಪಿ, ಹೊಚ್ಚ ಹೊಸ ಸೆಂಡರೂ ಇಂಜಿನ್ ತಣ್ಣಗಿದೆ ಎಂದು ಸುಳ್ಳು ಹೇಳುತ್ತದೆ.

ಇವೆಲ್ಲಕ್ಕಿಂತ ಅಪಾಯದ ಸುಳ್ಳು ಒಂದಿದೆ. ಹೋಸ್ ಒಡೆದು ನೀರೆಲ್ಲ ಚೆಲ್ಲಿಹೋದಾಗ ಸೆಂಡರಿನ ತುದಿ ನೀರಿಲ್ಲದೆ ಒಣಗಿ ನಿಲ್ಲುತ್ತದೆ. ಸುತ್ತ ಇರುವುದು ಬರೀ ಗಾಳಿ ಮತ್ತು ಆವಿ. ಆಗ ಮುಳ್ಳು ಏರುವ ಬದಲು ಇಳಿಯಬಹುದು. ಇಂಜಿನ್ ಒಳಗೆ ಸುಡುತ್ತಿರುವಾಗ ಡ್ಯಾಶ್‌ಬೋರ್ಡು ಎಲ್ಲ ಕ್ಷೇಮ ಎನ್ನುತ್ತಿರುತ್ತದೆ. ಮೇಲಿದ್ದ ಮುಳ್ಳು ಕಾರಣವಿಲ್ಲದೆ ದಿಢೀರನೆ ಕೆಳಗೆ ಬಿದ್ದರೆ ಖುಷಿಪಡದೆ ಕೂಡಲೇ ಬದಿಗೆ ನಿಲ್ಲಿಸಿ. ಒಂದು ಇಂಜಿನ್ ಉಳಿಯುವುದೂ ಹಾಳಾಗುವುದೂ ಈ ಒಂದೆರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಫ್ಯಾನಿನ ಸರದಿ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಕರೆಂಟ್ ಫ್ಯಾನಿನ ತಲೆನೋವು ಇರಲಿಲ್ಲ. ಇಂಜಿನ್ ಉದ್ದಕ್ಕೆ ಕೂತಿದ್ದು, ಬೆಲ್ಟಿನಿಂದಲೇ ಫ್ಯಾನ್ ತಿರುಗುತ್ತಿತ್ತು. ಬೆಲ್ಟ್ ಸಡಿಲವಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಮುಗಿಯಿತು. ಟ್ರಾಫಿಕ್ಕಿನಲ್ಲಿ ನಿಂತಾಗ ಫ್ಯಾನೂ ನಿಧಾನವಾಗುವುದೇ ಅದರ ಕೊರತೆ, ಆಗ ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಗಾಳಿಯೂ ನೀರಿನ ಓಟವೂ ಹೆಚ್ಚುತ್ತಿದ್ದವು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ 796 ಸಿಸಿಯ ಪುಟ್ಟ ಇಂಜಿನ್ ಅಡ್ಡಡ್ಡಲಾಗಿ ಕೂತಿತ್ತು. ಅಡ್ಡ ಕೂತ ಇಂಜಿನ್ನಿನ ಬೆಲ್ಟಿನಿಂದ ಮುಂದಕ್ಕೆ ಮುಖ ಮಾಡಿದ ಫ್ಯಾನನ್ನು ತಿರುಗಿಸುವುದು ಕಷ್ಟ, ಹಾಗಾಗಿ ಕರೆಂಟ್ ಫ್ಯಾನ್. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತರೂ ನಮ್ಮ ಊರುಗಳಲ್ಲಿ ಇನ್ನೂ ಎಷ್ಟೋ ಓಡುತ್ತಿವೆ. ಹದಿನೈದು ವರ್ಷ ಕಳೆದು, ಆರ್‌ಟಿಒದಲ್ಲಿ ಮತ್ತೆ ನೋಂದಣಿ ಮಾಡಿಸಿಕೊಂಡು ಮಕ್ಕಳನ್ನು ಶಾಲೆಗೆ ಬಿಡುತ್ತಿರುವ ಕಾರುಗಳು ಅವು. ಅವಕ್ಕೆ ಸರಿಯಾದ ಪರೀಕ್ಷೆ ಸಲ್ಲಬೇಕು.

ಥರ್ಮೋ ಸ್ವಿಚ್ ಕೆಲವು ಕಾರುಗಳಲ್ಲಿ ರೇಡಿಯೇಟರಿನ ಮೇಲೆ, ಕೆಲವುದರಲ್ಲಿ ಇಂಜಿನ್ನಿನ ಬಳಿ ಇರುತ್ತದೆ. ನೀರು ತೊಂಬತ್ತರ ಮೇಲೆ ಕೆಲವು ಡಿಗ್ರಿ ಏರಿದಾಗ ಒಳಗಿನ ಸಂಪರ್ಕ ಕೂಡಿ ಫ್ಯಾನ್ ಹೊರಡುತ್ತದೆ, ಸ್ವಲ್ಪ ಇಳಿದಾಗ ನಿಲ್ಲುತ್ತದೆ. ಕೀ ಆನ್ ಮಾಡಿ ಆ ಸ್ವಿಚ್ಚಿನ ಕಪ್ಲರ್ ಬಿಡಿಸಿ, ಅದರ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ. ಒಂಟಿ ತಂತಿಯಾದರೆ ಅರ್ತ್‌ಗೆ ಮುಟ್ಟಿಸಿ. ಫ್ಯಾನ್ ಬುರ್ರೆಂದು ಹೊರಟರೆ ಫ್ಯೂಸ್, ರಿಲೇ, ಮೋಟರ್, ವೈರಿಂಗ್ ಎಲ್ಲವೂ ಒಂದೇ ಏಟಿಗೆ ನಿರ್ದೋಷಿಗಳೆಂದು ಸಾಬೀತಾಯಿತು. ಇನ್ನು ಸ್ವಿಚ್ ಕೆಟ್ಟಿರಬೇಕು, ಇಲ್ಲವೇ ಸ್ವಿಚ್ಚಿನ ಹತ್ತಿರ ಬಿಸಿನೀರೇ ಬರುತ್ತಿಲ್ಲ. ಈ ಎರಡನೆಯ ಸಾಧ್ಯತೆಯನ್ನು ಬಹಳ ಜನ ಮರೆಯುತ್ತಾರೆ. ನೀರು ಕಡಿಮೆಯಿದ್ದರೆ, ಒಳಗೆ ಗಾಳಿ ಸೇರಿಕೊಂಡಿದ್ದರೆ, ರೇಡಿಯೇಟರಿನಲ್ಲಿರುವ ಸ್ವಿಚ್ಚಾದರೆ ಥರ್ಮೋಸ್ಟಾಟ್ ತೆರೆಯದೆ ಹೋದರೆ, ಅದು ತಣ್ಣಗೇ ಉಳಿಯುತ್ತದೆ. ಇಂಜಿನ್ ಕುದಿಯುತ್ತಿದ್ದರೂ ಫ್ಯಾನ್ ಹೊರಡುವುದಿಲ್ಲ.

ಹೊರಡದಿದ್ದರೆ ಫ್ಯೂಸಿನಿಂದ ಆರಂಭಿಸಿ. ಕಣ್ಣಿಗೆ ಸರಿ ಕಂಡ ಫ್ಯೂಸನ್ನೂ ಮೀಟರ್ ಹಿಡಿದೇ ನೋಡಬೇಕು. ರಿಲೇ ಇದ್ದು, ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಅದಲುಬದಲು ಮಾಡಿ ನೋಡುವುದು ಬಿಟ್ಟಿ ಪರೀಕ್ಷೆ. ಕೊನೆಗೆ ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಎಳೆದು ಮೋಟರಿಗೆ ಕೊಡಿ. ಆಗಲೂ ಅಲುಗದಿದ್ದರೆ, ಅಥವಾ ರೆಕ್ಕೆಯನ್ನು ಕೈಯಲ್ಲಿ ತಳ್ಳಿಕೊಟ್ಟರೆ ಮಾತ್ರ ಹೊರಟರೆ, ಕಾರ್ಬನ್ ಸವೆದಿದೆ. ತಿರುಗುತ್ತದೆ ಆದರೆ ಸೋಮಾರಿಯಾಗಿ ಅನ್ನಿಸಿದರೆ ಫ್ಯಾನ್ ಓಡುತ್ತಿರುವಾಗಲೇ ಅದರ ಕಪ್ಲರಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 12.5 ಇದ್ದು ಇಲ್ಲಿ 10ಕ್ಕೆ ಇಳಿದಿದ್ದರೆ ಮಿಕ್ಕದ್ದು ಹಸಿರು ಕಿಲುಬು ಹಿಡಿದ ಯಾವುದೋ ಕಪ್ಲರಿನಲ್ಲಿ ಬಿಸಿಯಾಗಿ ಹೋಗುತ್ತಿದೆ. ಈ ಕೆಲಸ ಮಾಡುವಾಗ ಲುಂಗಿ, ದುಪಟ್ಟಾ, ತೋಳಿನ ಬಟ್ಟೆ ಫ್ಯಾನಿನಿಂದ ದೂರ ಇರಲಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಹೊರಡುತ್ತದೆ.

ಮೋಟರ್ ಬದಲಿಸಿದ ಮೇಲೆ ಯಾರೂ ಮಾಡದ ಒಂದು ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಫ್ಯಾನ್ ಓಡುವಾಗ ಕಾರಿನ ಮುಂಭಾಗದಲ್ಲಿ, ಗ್ರಿಲ್ಲಿನ ಎದುರು, ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿಯಿರಿ. ಅದು ಗ್ರಿಲ್ಲಿಗೆ ಹೀರಿಕೊಂಡು ಅಂಟಬೇಕು. ಹಾರಿಹೋದರೆ ಪ್ಲಸ್ಸು ಮೈನಸ್ಸು ತಿರುವುಮುರುವಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ, ಓಡುವ ಕಾರಿನ ಎದುರುಗಾಳಿಯನ್ನೇ ಹಿಂದಕ್ಕೆ ತಳ್ಳುತ್ತಿದೆ. ಹೊಸ ಫ್ಯಾನ್ ಹಾಕಿಸಿದ ಮೇಲೂ ಕಾರು ಕಾಯುವುದಕ್ಕೆ ಇದೇ ಕಾರಣವಾಗಿರಬಹುದು.

ಎಲ್ಲಿ ಕಾಯುತ್ತದೆ, ಯಾವಾಗ ಕಾಯುತ್ತದೆ

ಕಾರು ಎಲ್ಲಿ, ಯಾವಾಗ ಕಾಯುತ್ತದೆ ಎಂಬುದು ಗ್ಯಾರೇಜಿಗೆ ಹೋಗುವ ಮೊದಲೇ ಮಾಲೀಕನೊಬ್ಬನೇ ಹೇಳಬಲ್ಲ ವಿವರ, ಬೇರಾವ ಮೀಟರಿಗೂ ಇದು ಸಿಗುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಮುಳ್ಳು ಏರಿ, ರಸ್ತೆ ಖಾಲಿಯಾಗಿ ಅರವತ್ತರಲ್ಲಿ ಓಡಿಸಿದ ಕೂಡಲೇ ಇಳಿದರೆ ಫ್ಯಾನಿನ ಕಡೆ ನೋಡಿ. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡಿಕೊಡುತ್ತದೆ. ಊರೊಳಗೆ ಸುಮ್ಮನಿದ್ದು ತುಮಕೂರು ರಸ್ತೆಯಲ್ಲಿ ನೂರರ ವೇಗದಲ್ಲಿ ಏರಿದರೆ ಫ್ಯಾನನ್ನು ಬಿಟ್ಟುಬಿಡಿ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಥರ್ಮೋಸ್ಟಾಟ್ ಅರ್ಧ ತೆರೆಯುತ್ತಿದೆ, ಇಲ್ಲವೇ ವಾಟರ್ ಪಂಪಿನ ರೆಕ್ಕೆ ಸವೆದಿದೆ. ಘಟ್ಟದಲ್ಲಿ ಮಾತ್ರ ಕಾದರೆ ಎರಡೂ ಕಡೆ ಅನುಮಾನ ಪಡಬೇಕು. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗವನ್ನು ಈ ನೀರೇ ಹೊತ್ತು ಹೊರಹಾಕಬೇಕು. ಸೋಮೇಶ್ವರದಿಂದ ಆಗುಂಬೆಯ ಹದಿನಾಲ್ಕು ತಿರುವು ಹತ್ತುವಾಗ ಮೊದಲ ಗೇರಿನಲ್ಲಿ ಇಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ವೇಗ ಮಾತ್ರ ಸೈಕಲ್ಲಿನಷ್ಟು. ಗಾಳಿಯೂ ಬೆನ್ನ ಹಿಂದಿನಿಂದ ಬೀಸಿದರೆ ರೇಡಿಯೇಟರಿಗೆ ಎದುರುಗಾಳಿ ಇನ್ನಷ್ಟು ಕಡಿಮೆ. ಬಯಲಿನಲ್ಲಿ ಮುಚ್ಚಿಹೋಗಿದ್ದ ದೋಷ ಇಲ್ಲಿ ಹೊರಬರುತ್ತದೆ.

ಇಲ್ಲಿ ರೇಡಿಯೇಟರ್ ಕ್ಯಾಪಿನ ಮಾತು ಬರಬೇಕು. ಸ್ಪ್ರಿಂಗ್ ಇರುವ ಆ ಮುಚ್ಚಳ ಒಳಗೆ ಸುಮಾರು 0.9 ಬಾರ್ ಒತ್ತಡ ಹಿಡಿದಿಡುತ್ತದೆ, ಆ ಒತ್ತಡದಲ್ಲಿ ನೀರು 119 ಡಿಗ್ರಿಯ ಹತ್ತಿರದವರೆಗೂ ಕುದಿಯುವುದಿಲ್ಲ. ರಬ್ಬರ್ ವಾಷರ್ ಗಟ್ಟಿಯಾಗಿ ಕ್ಯಾಪ್ ಒತ್ತಡ ಬಿಟ್ಟರೆ ಈ ರಕ್ಷಣೆಯೆಲ್ಲ ಹೋಯಿತು. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಅಂದರೆ ಥರ್ಮೋ ಸ್ವಿಚ್ ಕೂಡುವ ಹೊತ್ತಿಗೆ ರೇಡಿಯೇಟರಿನ ನೀರು ಕುದಿದು ಉಕ್ಕತೊಡಗಿರಬಹುದು. ಫ್ಯಾನ್ ತಡವಾಗಿ ಬಂತು ಎಂದು ದೂರುವವರ ಕಾರಿನಲ್ಲಿ ಫ್ಯಾನೂ ಸ್ವಿಚ್ಚೂ ಸರಿಯೇ ಇದ್ದು, ಎಲ್ಲಕ್ಕಿಂತ ಅಗ್ಗದ ಮುಚ್ಚಳ ಕೈಕೊಟ್ಟಿರಬಹುದು.

ಥರ್ಮೋಸ್ಟಾಟ್ ಬಗ್ಗೆ ಅನುಮಾನವಿದ್ದರೆ ಕಿತ್ತು ಬಿಸಾಡುವ ಮೊದಲು ಒಲೆಯ ಮೇಲಿಟ್ಟು ನೋಡಿ. ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆ, ನೂರರವರೆಗೆ ತೋರಿಸುವ ಥರ್ಮಾಮೀಟರ್, ಒಂದು ಎಳೆ ದಾರ ಸಾಕು. ಮುಚ್ಚಿರುವ ಬಾಯಿಯನ್ನು ಬೆರಳಿನಿಂದ ತುಸು ಬಿಡಿಸಿ ದಾರವನ್ನು ನಡುವೆ ಸಿಕ್ಕಿಸಿ, ಆ ದಾರದಿಂದಲೇ ಅದನ್ನು ನೀರಿನಲ್ಲಿ ತಳ ಮುಟ್ಟದಂತೆ ತೂಗುಬಿಡಿ. ಉರಿ ಸಣ್ಣಗಿರಲಿ. ಥರ್ಮೋಸ್ಟಾಟಿನ ಅಂಚಿನಲ್ಲಿ 82 ಅಂತಲೋ 88 ಅಂತಲೋ ಕೊರೆದಿರುತ್ತದೆ. ಒಳಗಿನ ಹಿತ್ತಾಳೆಯ ಗುಳಿಗೆಯಲ್ಲಿ ತುಂಬಿದ ಮೇಣ ಕರಗಿ ಹಿಗ್ಗಿ ಬಾಯಿ ತೆರೆದ ಕ್ಷಣ ದಾರದ ಹಿಡಿತ ತಪ್ಪಿ ಅದು ತಳಕ್ಕೆ ಬೀಳುತ್ತದೆ. ಆ ಹೊತ್ತಿಗೆ ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ ನೋಡಿಕೊಳ್ಳಿ. ಎರಡು ಮೂರು ಡಿಗ್ರಿ ಆಚೀಚೆಯಾದರೆ ಚಿಂತೆಯಿಲ್ಲ. ಬೀಳಲೇ ಇಲ್ಲವೆಂದರೆ, ಅಥವಾ ನೀರು ಕುದಿಯುವ ಹೊತ್ತಿಗೂ ಬಾಯಿ ಎಂಟು ಮಿಲಿಮೀಟರಿನಷ್ಟಾದರೂ ಅಗಲವಾಗದಿದ್ದರೆ ಹೊಸದು ತನ್ನಿ. ನೀರು ತಣಿದಾಗ ಅದು ಪೂರ್ತಿ ಮುಚ್ಚಿಕೊಳ್ಳುವುದೂ ಅಷ್ಟೇ ಮುಖ್ಯ.

"ಥರ್ಮೋಸ್ಟಾಟ್ ತೆಗೆದುಬಿಡಿ ಸಾರ್, ನಮ್ಮ ಬಿಸಿಲಿಗೆ ಅದು ಬೇಡ" ಎಂಬ ಮಾತನ್ನು ಕೇಳದ ಮಾಲೀಕರಿಲ್ಲ. ಈ ಸಲಹೆ ಇಂಜಿನ್ನಿಗೆ ನಿಧಾನವಾಗಿ ವಿಷವಿಕ್ಕಿದಂತೆ. ಅದು ಇಲ್ಲದ ಇಂಜಿನ್ ಬೆಳಗಿನ ಹೊತ್ತು ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆರದೆ ಮಡ್ಡಿ ಕಟ್ಟುತ್ತದೆ, ಸಿಲಿಂಡರ್ ಸವೆತ ಹೆಚ್ಚುತ್ತದೆ. ಎಂಪಿಎಫ್‌ಐ ಕಾರಿನಲ್ಲಿ ಇಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಇಸಿಎಂ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಕೆಳತುದಿ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥದ್ದನ್ನು ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತದೆ, ಕಾರು ಮೊದಲಿಗಿಂತ ಹೆಚ್ಚು ಕಾಯುತ್ತದೆ. ಫ್ಯಾನನ್ನು ಡೈರೆಕ್ಟ್ ಮಾಡಿಕೊಡುವುದು ಇದರ ಜೊತೆಯ ಇನ್ನೊಂದು ಚಾಳಿ. ಕೀ ಹಾಕಿದಾಗಿನಿಂದ ತೆಗೆಯುವವರೆಗೂ ತಿರುಗುವ ಮೋಟರ್ ಬೇಗ ಸವೆಯುತ್ತದೆ, ರಿಲೇ ಇಲ್ಲದೆ ಎಳೆದ ತಂತಿ ಕಾಯುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ. ಮನೆ ತಲುಪಲು ಒಂದು ರಾತ್ರಿಯ ಮಟ್ಟಿಗೆ ಹೀಗೆ ಮಾಡಿದ ಮೆಕ್ಯಾನಿಕ್ಕಿಗೆ ಕೈ ಮುಗಿಯುತ್ತೇನೆ. ಅದನ್ನೇ ರಿಪೇರಿ ಎಂದು ಬಿಲ್ ಹಾಕುವುದನ್ನು ಮಾತ್ರ ಒಪ್ಪಲಾರೆ.

ಮುಳ್ಳೂ ಫ್ಯಾನೂ ಕ್ಯಾಪೂ ಥರ್ಮೋಸ್ಟಾಟೂ ಸರಿಯಿದ್ದು ಕಾರು ಇನ್ನೂ ಕಾಯುತ್ತಿದ್ದರೆ ರೇಡಿಯೇಟರಿನ ಮೇಲೆಲ್ಲ ಇನ್‌ಫ್ರಾರೆಡ್ ಥರ್ಮಾಮೀಟರ್ ಆಡಿಸಿ. ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಮನಾಗಿ ಇಳಿಯುತ್ತಾ ಹೋಗಬೇಕು. ನಡುವೆ ತಣ್ಣನೆಯ ತೇಪೆಗಳು ಸಿಕ್ಕರೆ ಅಲ್ಲಿನ ನಳಿಗೆಗಳು ಕಟ್ಟಿವೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನ ಕೃಪೆಯಿದು. ಕೋಲಾರ, ಗದಗ, ವಿಜಯಪುರದ ಕಡೆಯ ಮನೆಗಳಲ್ಲಿ ಸ್ನಾನದ ಗೀಸರಿನಲ್ಲಿ ಕಟ್ಟುವ ಬಿಳಿಯ ಸುಣ್ಣವೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಹಳೆಯ ತಾಮ್ರ, ಹಿತ್ತಾಳೆಯ ರೇಡಿಯೇಟರಾದರೆ ಟ್ಯಾಂಕಿನ ಬೆಸುಗೆ ಬಿಡಿಸಿ, ನಳಿಗೆಗಳಲ್ಲಿ ಸರಳು ಆಡಿಸಿ ಕೊಡುವ ಕುಶಲಿಗರು ಕಲಾಸಿಪಾಳ್ಯ, ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಾದರೆ ಬದಲಿಸುವುದೇ ಮೇಲು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ ಹಾಕಿದರೆ ಈ ಕಾಟವಿಲ್ಲ. ನಮ್ಮಲ್ಲಿ ಹಿಮಗಟ್ಟುವ ಚಳಿಯಿಲ್ಲ, ಕೂಲೆಂಟ್ ಏಕೆ ಎನ್ನುವವರಿಗೆ ಉತ್ತರ, ಅದು ತುಕ್ಕು ತಡೆಯುತ್ತದೆ ಮತ್ತು ಕುದಿಯುವ ಮಟ್ಟವನ್ನು ಮೇಲೇರಿಸುತ್ತದೆ. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿಯಾದ ವಿಷ. ಮಕ್ಕಳಿಗೂ ನಾಯಿಗಳಿಗೂ ಸಿಗದಂತೆ ಇಡಬೇಕು.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಕತೆಯೇ ಬೇರೆ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಇಂಜಿನ್ ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ ಹೆಡ್ ಬಿಚ್ಚಿಸದೆ ಬೇರೆ ದಾರಿಯಿಲ್ಲ. ಬಿಚ್ಚಿದ ಮೇಲೆ ಲೇತ್ ಶಾಪಿನಲ್ಲಿ ಹೆಡ್ ಬಾಗಿದೆಯೇ ಎಂದು ನೋಡಿಸದೆ ಹೊಸ ಗ್ಯಾಸ್ಕೆಟ್ ಹಾಕುವುದು ಹಣ ದಂಡ.

ದಾರಿಯಲ್ಲಿ ಕಾದಾಗ ಮಾಡಬೇಕಾದ್ದು ಸರಳ. ಏಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಅದೂ ಒಂದು ಪುಟ್ಟ ರೇಡಿಯೇಟರೇ. ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ. ಒತ್ತಡದಲ್ಲಿ ಕುದಿಯದೆ ತಡೆದು ನಿಂತ ನೀರು ಕ್ಯಾಪ್ ಸಡಿಲವಾದ ಕ್ಷಣ ಆವಿಯಾಗಿ ಮುಖಕ್ಕೆ ಸಿಡಿಯುತ್ತದೆ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು.

ರಿಪೇರಿ ಮುಗಿಸಿ ನೀರು ತುಂಬಿದ ಮೇಲೆ ಒಳಗಿನ ಗಾಳಿ ಹೊರಹೋಗಲು ಅವಕಾಶ ಕೊಡಿ. ಮುಂಭಾಗ ತುಸು ಎತ್ತರವಾಗುವಂತೆ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಚಾಲೂ ಮಾಡಿ, ಗುಳ್ಳೆ ಬಂದಂತೆ ಇಳಿಯುವ ಮಟ್ಟವನ್ನು ತುಂಬುತ್ತಾ ಹೋಗಿ. ನೀರು ಬೆಚ್ಚಗಾಗಿ ಮೇಲೇರುತ್ತಿದ್ದಂತೆ ಕ್ಯಾಪ್ ಹಾಕಿ, ಮೇಲಿನ ಹೋಸ್ ಬಿಸಿಯಾಗಿ ಫ್ಯಾನ್ ಒಮ್ಮೆ ತಾನಾಗಿ ಹೊರಟು ತಾನಾಗಿ ನಿಲ್ಲುವವರೆಗೆ ಕಾಯಿರಿ. ಮಾರನೆಯ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಕ್ಯಾಪ್ ತೆಗೆದು ಮಟ್ಟ ನೋಡಿ. ಮೊದಲ ದಿನ ಸ್ವಲ್ಪ ಇಳಿದಿದ್ದರೆ ಉಳಿದ ಗಾಳಿ ಹೋಗಿರುತ್ತದೆ, ತುಂಬಿಸಿ. ಅದರ ಮರುದಿನವೂ ಇಳಿದರೆ ಎಲ್ಲೋ ಸೋರಿಕೆಯಿದೆ, ಹೋಸುಗಳ ಕ್ಲಿಪ್, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಸೀಟಿನ ಮುಂದಿನ ಮ್ಯಾಟ್ ಕೆಳಗಿನ ತೇವ ಇವನ್ನೆಲ್ಲ ಹುಡುಕಬೇಕು. ಮಟ್ಟ ಅಲ್ಲೇ ನಿಂತಿದ್ದರೆ ಘಟ್ಟ ಹತ್ತಬಹುದು.